ಜೀವ ಉಳಿಸಿದೆವು, ಆಮೇಲೆ?

ಸಾಯಲು ಹೊರಟು ಬದುಕುಳಿದ ಹುಡುಗನೋ ಹುಡುಗಿಯೋ ಜಿಲ್ಲಾ ಆಸ್ಪತ್ರೆಯ ಕ್ಯಾಷುವಾಲ್ಟಿಗೆ ಬಂದಾಗ ಏನೇನು ನಡೆಯುತ್ತದೆ ಎಂಬುದು ಅಲ್ಲಿ ಒಂದು ರಾತ್ರಿ ಕಳೆದವರಿಗೆಲ್ಲ ಗೊತ್ತು. ಡ್ಯೂಟಿ ಡಾಕ್ಟರು ಓಡಿ ಬರುತ್ತಾರೆ. ಸಿಸ್ಟರು ಡ್ರಿಪ್ ಹಾಕುತ್ತಾರೆ. ಎಂಎಲ್‌ಸಿ ಪುಸ್ತಕಕ್ಕೆ ಹೆಸರು ಏರುತ್ತದೆ, ಪೊಲೀಸರು ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ. ‘ಆಕಸ್ಮಿಕ ಅಂತ ಬರ್ಕೊಳ್ಳಿ ಸಾರ್, ಮದುವೆ ಆಗಬೇಕಾದ ಹುಡುಗಿ’ ಎಂದು ಅಪ್ಪ ಕೈಮುಗಿಯುತ್ತಾನೆ. ಮೂರನೆಯ ದಿನಕ್ಕೋ ಐದನೆಯ ದಿನಕ್ಕೋ ರಕ್ತದ ವರದಿ ಸರಿಹೋಗಿ ಡಿಸ್ಚಾರ್ಜ್ ಚೀಟಿ ಕೈಗೆ ಬರುತ್ತದೆ. ನಾಡಿ, ರಕ್ತದೊತ್ತಡ, ಕ್ರಿಯಾಟಿನಿನ್, ಕೊಟ್ಟ ಇಂಜೆಕ್ಷನ್ನು ಎಲ್ಲವೂ ಅದರಲ್ಲಿರುತ್ತವೆ. ಸಾಯಬೇಕೆಂದು ಯಾಕೆ ಅನ್ನಿಸಿತು, ಈಗಲೂ ಅನ್ನಿಸುತ್ತಿದೆಯೇ, ಮನೆಗೆ ಹೋದ ಮೇಲೆ ಮತ್ತೆ ಅನ್ನಿಸಿದರೆ ಯಾರನ್ನು ಹಿಡಿಯಬೇಕು ಎಂಬುದರ ಸುದ್ದಿ ಮಾತ್ರ ಇರುವುದಿಲ್ಲ. ‘ಮನೋವೈದ್ಯರನ್ನು ಕಾಣಲು ಸೂಚಿಸಿದೆ’ ಎಂಬ ಒಂದು ಸಾಲಿದ್ದರೆ ದೊಡ್ಡದು.

ಎಲ್ಲ ಆಸ್ಪತ್ರೆಗಳೂ ಹೀಗಲ್ಲ. ಮನೋವೈದ್ಯರು ವಾರ್ಡಿಗೇ ಬಂದು ಕೂತು ಮಾತಾಡಿಸುವ ಕಡೆಗಳೂ ಉಂಟು, ಅವರಿಗೆ ನಮ್ಮ ನಮಸ್ಕಾರ. ಆದರೆ ಅದು ಒಬ್ಬಿಬ್ಬರು ವೈದ್ಯರ ಸಜ್ಜನಿಕೆಯಿಂದ ನಡೆಯುತ್ತಿದೆಯೇ ಹೊರತು ವ್ಯವಸ್ಥೆಯಿಂದ ಅಲ್ಲ. ಯುವಜನರ ಆತ್ಮಹತ್ಯೆಯ ಮಾತು ಬಂದಾಗ ನಾವು ಪರೀಕ್ಷೆ, ಮೊಬೈಲು, ಸಣ್ಣ ಕುಟುಂಬ, ಹಾಳಾದ ಕಾಲ ಎಂದು ಊರೆಲ್ಲ ಸುತ್ತಿ ಬರುತ್ತೇವೆ. ಸಾವಿನ ಹತ್ತಿರ ಹೋಗಿ ಬಂದ ಮಗು ಕೈಗೆ ಸಿಗುವ ಜಾಗ ಯಾವುದು, ಅಲ್ಲಿ ನಾವು ಏನು ಮಾಡುತ್ತಿದ್ದೇವೆ ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ. ಹಿಂದೊಮ್ಮೆ ಪ್ರಯತ್ನಿಸಿದ್ದೇ ಮುಂದಿನ ಅಪಾಯದ ಅತಿ ದೊಡ್ಡ ಸೂಚನೆ ಎಂಬುದು ಮನೋವೈದ್ಯಶಾಸ್ತ್ರದಲ್ಲಿ ವಿವಾದವೇ ಇಲ್ಲದ ಸಂಗತಿ. ಹಲವು ದೇಶಗಳ ಆಸ್ಪತ್ರೆಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗ, ಹೀಗೆ ದಾಖಲಾದವರಲ್ಲಿ ಸುಮಾರು ಆರಕ್ಕೆ ಒಬ್ಬರು ಒಂದು ವರ್ಷದೊಳಗೆ ಮತ್ತೆ ಅದೇ ದಾರಿ ಹಿಡಿದಿದ್ದರು. ಆಸ್ಪತ್ರೆಯಿಂದ ಮನೆಗೆ ಹೋದ ಮೊದಲ ಕೆಲವು ವಾರಗಳೇ ಅತಿ ನಾಜೂಕಿನ ಕಾಲ. ಸರಿಯಾಗಿ ಅದೇ ವಾರಗಳಲ್ಲಿ ನಮ್ಮ ಆರೋಗ್ಯ ವ್ಯವಸ್ಥೆ ಆ ಮಗುವಿನಿಂದ ಕೈ ತೊಳೆದುಕೊಂಡಿರುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2013ರಲ್ಲಿ 8,423 ವಿದ್ಯಾರ್ಥಿಗಳ ಆತ್ಮಹತ್ಯೆಯನ್ನು ದಾಖಲಿಸಿತ್ತು. 2023ರಲ್ಲಿ ಆ ಸಂಖ್ಯೆ 13,892. ಹತ್ತು ವರ್ಷಗಳಲ್ಲಿ ಶೇ 65ರಷ್ಟು ಏರಿಕೆ. 2022ರಲ್ಲಿ ದೇಶದಲ್ಲಿ ಒಟ್ಟು 1,70,924 ಮಂದಿ ಹೀಗೆ ಸತ್ತರು, ಅವರಲ್ಲಿ 13,606 ಮಂದಿ ಕರ್ನಾಟಕದವರು. ರಾಜ್ಯಗಳ ಪಟ್ಟಿಯಲ್ಲಿ ಮಹಾರಾಷ್ಟ್ರ, ತಮಿಳುನಾಡು, ಮಧ್ಯಪ್ರದೇಶ ಬಿಟ್ಟರೆ ನಾವೇ. ಇವು ಪೊಲೀಸರ ಲೆಕ್ಕ, ಪೊಲೀಸರ ತನಕ ಹೋಗದ ಸಾವುಗಳು ಬೇರೆ. 2010ರ ಸಾವುಗಳನ್ನು ಕುರಿತು ‘ಲ್ಯಾನ್ಸೆಟ್’ ಪತ್ರಿಕೆ 2012ರಲ್ಲಿ ಪ್ರಕಟಿಸಿದ ಅಧ್ಯಯನವು ದೇಶದಲ್ಲಿ ಆ ವರ್ಷ ಸುಮಾರು 1,87,000 ಆತ್ಮಹತ್ಯೆಗಳಾಗಿವೆ ಎಂದು ಅಂದಾಜಿಸಿತು. ಅದೇ ವರ್ಷದ ಪೊಲೀಸ್ ಲೆಕ್ಕ 1,34,599. ಆ ಅಧ್ಯಯನದಲ್ಲಿ ಇನ್ನೊಂದು ಮಾತಿತ್ತು: ಹೀಗೆ ಸತ್ತ ಗಂಡಸರಲ್ಲಿ ಶೇ 40ರಷ್ಟು, ಹೆಂಗಸರಲ್ಲಿ ಶೇ 56ರಷ್ಟು ಮಂದಿ 15ರಿಂದ 29ರ ವಯಸ್ಸಿನವರು. ಹಾಗಾಗಿ ಬರಿಯ ವಿದ್ಯಾರ್ಥಿಗಳ ಲೆಕ್ಕ ಹಿಡಿದು ಕೂತರೆ ಗಾರ್ಮೆಂಟ್ ಕಾರ್ಖಾನೆಯ ಹುಡುಗಿ, ಮದುವೆಯಾಗಿ ಆರು ತಿಂಗಳಾದ ಹತ್ತೊಂಬತ್ತರ ಹೆಂಗಸು, ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಡೆಲಿವರಿ ಕೆಲಸಕ್ಕೆ ಸೇರಿದ ಹುಡುಗ ಯಾರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅವರಿಗಾಗಿ ಯಾವ ಕಾಲೇಜಿನ ಮುಂದೆಯೂ ಧರಣಿ ನಡೆಯುವುದಿಲ್ಲ.

ಸತ್ತವರ ಲೆಕ್ಕವಾದರೂ ಇದೆ. ಪ್ರಯತ್ನಿಸಿ ಬದುಕಿದವರ ಲೆಕ್ಕ ಸರ್ಕಾರದ ಯಾವ ವಾರ್ಷಿಕ ಪುಸ್ತಕದಲ್ಲೂ ಇಲ್ಲ. ಒಂದು ಸಾವಿಗೆ ಇಪ್ಪತ್ತಕ್ಕೂ ಹೆಚ್ಚು ಪ್ರಯತ್ನಗಳಿರುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಥೂಲ ಅಂದಾಜು. ಅದನ್ನೇ ಕರ್ನಾಟಕಕ್ಕೆ ಹಿಡಿದರೆ ವರ್ಷಕ್ಕೆ ಎರಡೂವರೆ ಲಕ್ಷ ದಾಟುತ್ತದೆ. ಅಂದಾಜು ಹೆಚ್ಚಾಯಿತೆಂದು ಅರ್ಧಕ್ಕರ್ಧ ಕಳೆದರೂ ಉಳಿಯುವುದು ಸಣ್ಣ ಸಂಖ್ಯೆಯೇನಲ್ಲ. ಡೆಂಗಿ ಜ್ವರ ಬಂದವರನ್ನು ವಾರ್ಡುವಾರು ಎಣಿಸಬಲ್ಲ ಇಲಾಖೆಗೆ ಈ ಎಣಿಕೆ ಬೇಡವಾಗಿದೆ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಿಸಬೇಕು, ಯಾಕೆಂದರೆ ನಮ್ಮದು ಏನೂ ಗೊತ್ತಿಲ್ಲದ ರಾಜ್ಯವಲ್ಲ. ನಿಮ್ಹಾನ್ಸ್ ಸಂಸ್ಥೆ 1970ರ ದಶಕದಲ್ಲಿಯೇ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಕೇಂದ್ರ ತೆರೆದು, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವುದನ್ನು ಕಲಿಸತೊಡಗಿತು. 1980ರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಯಲ್ಲಿ ಇಡೀ ಜಿಲ್ಲೆಗೇ ಅನ್ವಯವಾಗುವ ಪ್ರಯೋಗವಾಯಿತು. ಮನೋವೈದ್ಯರಿಲ್ಲದ ಊರಲ್ಲಿಯೂ ಸಾಮಾನ್ಯ ವೈದ್ಯರೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಲ್ಲರು ಎಂದು ತೋರಿಸಿಕೊಟ್ಟ ‘ಬಳ್ಳಾರಿ ಮಾದರಿ’ಯನ್ನೇ ನೋಡಿ ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ನೂರಾರು ಪುಸ್ತಕ ಬರೆದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ವೈದ್ಯರಿದ್ದದ್ದು ಇದೇ ನಾಡಿನಲ್ಲಿ. ಇಷ್ಟೆಲ್ಲ ಇದ್ದೂ, ದೇಶಕ್ಕೆ ಪಾಠ ಹೇಳಿದ ರಾಜ್ಯದ ತಾಲ್ಲೂಕು ಆಸ್ಪತ್ರೆಯಲ್ಲಿ ಇಂದು ಮನೋವೈದ್ಯರು ಸಿಗುವುದು ಮನೋಚೈತನ್ಯ ಎಂಬ ಕ್ಲಿನಿಕ್ಕು ನಡೆಯುವ ಮಂಗಳವಾರ ಮಾತ್ರ. ಬುಧವಾರ ರಾತ್ರಿ ಬಂದ ಮಗು ಏನು ಮಾಡಬೇಕು?

ಮನೋವೈದ್ಯರ ಕೊರತೆಯನ್ನೇ ಮುಂದಿಟ್ಟು ಅಧಿಕಾರಿಗಳು ಕೈ ಚೆಲ್ಲುವುದುಂಟು. ಕೊರತೆ ನಿಜ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮನಸ್ಸಿನ ಕಾಯಿಲೆ ಇದ್ದವರಲ್ಲಿ, ಕಾಯಿಲೆಗೆ ತಕ್ಕಂತೆ, ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಎಂಬಿಬಿಎಸ್ ಮುಗಿಸಿದ ಹುಡುಗರು ಹೌಸ್ ಸರ್ಜನ್ಸಿಯಲ್ಲಿ ಮನೋರೋಗ ವಿಭಾಗದಲ್ಲಿ ಇರುವುದು ಎರಡೇ ವಾರ. ಆ ಎರಡು ವಾರ ಪಿಜಿ ಪ್ರವೇಶ ಪರೀಕ್ಷೆಗೆ ಓದಿಕೊಳ್ಳಲು ಸಿಕ್ಕ ರಜೆ ಎಂದು ಭಾವಿಸುವವರೇ ಹೆಚ್ಚು. ಆದರೆ ಸಾಯಹೊರಟ ಮಗುವಿನ ಜತೆ ಮೊದಲ ಮಾತು ಆಡಲು ಮನೋವೈದ್ಯರೇ ಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಮಾತಾಡುವುದು ಹೇಗೆ ಎಂಬುದು ಇಂದು ಜಗತ್ತಿನ ವೈದ್ಯರಿಗೆ ಸಾಕಷ್ಟು ಸ್ಪಷ್ಟವಾಗಿದೆ. ಮೊದಲನೆಯದಾಗಿ, ಅಪ್ಪ ಅಮ್ಮ ಅಣ್ಣ ಎಲ್ಲರನ್ನೂ ಸ್ವಲ್ಪ ಹೊತ್ತು ಹೊರಗೆ ಕೂರಿಸಬೇಕು. ಹತ್ತು ಜನ ಸುತ್ತ ನಿಂತಿರುವ ಬೆಡ್ಡಿನ ಮೇಲೆ ಯಾವ ಹುಡುಗಿಯೂ ನಿಜ ಹೇಳಳು. ‘ನೀನು ಹೇಳಿದ್ದು ನನ್ನಲ್ಲೇ ಇರುತ್ತೆ, ನಿನ್ನ ಪ್ರಾಣಕ್ಕೆ ಅಪಾಯ ಅನ್ನಿಸಿದ್ರೆ ಮಾತ್ರ ಮನೆಯವರಿಗೆ ಹೇಳ್ತೀನಿ, ಅದನ್ನೂ ನಿನಗೆ ಹೇಳಿಯೇ ಹೇಳ್ತೀನಿ’ ಎಂದು ಮೊದಲೇ ಮಾತು ಕೊಡಬೇಕು. ಆಮೇಲೆ ಮನೆ, ಓದು, ಗೆಳೆಯರು, ಊಟ ನಿದ್ದೆ, ಕುಡಿತ, ಪ್ರೀತಿ, ಯಾರಾದರೂ ಮೈ ಮುಟ್ಟಿ ಹಿಂಸೆ ಕೊಟ್ಟದ್ದುಂಟೇ ಎಂಬುದರವರೆಗೆ ನಿಧಾನವಾಗಿ ಹೋಗಿ, ಕೊನೆಗೆ ನೇರವಾಗಿಯೇ ಕೇಳಬೇಕು: ಬದುಕೋದೇ ಬೇಡ ಅನ್ನಿಸಿದ್ದುಂಟಾ? ಸಾಯಬೇಕು ಅಂತ ಯೋಚನೆ ಬಂದಿತ್ತಾ? ಈಗಲೂ ಬರ್ತಿದೆಯಾ? ಹಿಂದೆ ಯಾವಾಗಾದ್ರೂ? ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ನಮ್ಮಲ್ಲಿ ಕೇಳುವವರೇ ಕಡಿಮೆ: ಇಲ್ಲಿಯವರೆಗೆ ನಿನ್ನನ್ನು ತಡೆದದ್ದು ಏನು? ತಂಗಿಯ ಮುಖ, ಸಾಕಿದ ನಾಯಿ, ನಾಳೆಯ ಮ್ಯಾಚು ಯಾವುದಾದರೂ ಆಗಬಹುದು. ಚಿಕಿತ್ಸೆಗೆ ಎಳೆ ಸಿಗುವುದು ಆ ಉತ್ತರದಲ್ಲಿ.

‘ಹಾಗೆಲ್ಲ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ’ ಎಂಬ ಭಯ ಮೇಷ್ಟರಿಗಿದೆ, ಪೋಷಕರಿಗಿದೆ, ವೈದ್ಯರಿಗೂ ಇದೆ. ಈ ಭಯವನ್ನು ಪರೀಕ್ಷಿಸಿ ನೋಡಿಯಾಗಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ 6 ಪ್ರೌಢಶಾಲೆಗಳ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆತ್ಮಹತ್ಯೆಯ ಬಗ್ಗೆ ನೇರ ಪ್ರಶ್ನೆ ಕೇಳಿ, ಇನ್ನೊಂದಕ್ಕೆ ಕೇಳದೆ ನೋಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಕೇಳಿದ್ದರಿಂದ ಯಾರಿಗೂ ಹಾನಿಯಾಗಿರಲಿಲ್ಲ. ಮೊದಲೇ ಕುಗ್ಗಿದ್ದ ಮಕ್ಕಳಿಗೆ ಕೇಳಿದ್ದರಿಂದ ಸ್ವಲ್ಪ ಹಗುರವೇ ಆದಂತಿತ್ತು. ಇಪ್ಪತ್ತು ವರ್ಷ ಹಳೆಯ ಈ ತಿಳಿವಳಿಕೆ ನಮ್ಮ ಶಿಕ್ಷಕರ ತರಬೇತಿಗೆ ಇಳಿದು ಬಂದಿಲ್ಲ.

ಕೇಳುವುದೇ ಇಲ್ಲದ್ದು ಒಂದು ಕೇಡಾದರೆ, ಕೇಳಿದಂತೆ ಮಾಡುವುದು ಅದಕ್ಕಿಂತ ಹೊಸ ಕೇಡು. ಶಾಲೆ ಕಾಲೇಜು ಕೋಚಿಂಗ್ ಸೆಂಟರುಗಳಲ್ಲಿ ಪ್ರಶ್ನಾವಳಿ ಹಂಚಿ, ಅಂಕ ಕೂಡಿಸಿ, ಕಡಿಮೆ ಅಪಾಯ, ಮಧ್ಯಮ ಅಪಾಯ, ಹೆಚ್ಚು ಅಪಾಯ ಎಂದು ಮಕ್ಕಳನ್ನು ಮೂರು ಬುಟ್ಟಿಗೆ ಹಾಕುವ ಉತ್ಸಾಹ ಹಬ್ಬುತ್ತಿದೆ, ಅದಕ್ಕೆ ಆ್ಯಪ್‌ಗಳೂ ಬಂದಿವೆ. ಇಂಥ ಮುನ್ಸೂಚನೆ ಕುರಿತ 50 ವರ್ಷಗಳ 365 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವಿಮರ್ಶೆ 2017ರಲ್ಲಿ ಬಂತು. ಯಾರು ಸಾಯುತ್ತಾರೆ ಎಂದು ಮುಂಚಿತವಾಗಿ ಹೇಳುವ ನಮ್ಮ ಶಕ್ತಿ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಹೆಚ್ಚೇನೂ ಮೇಲಲ್ಲ ಎಂಬುದು ಅದರ ಸಾರ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2022ರಲ್ಲಿ ವೈದ್ಯರಿಗೆ ಕಡ್ಡಿ ಮುರಿದಂತೆ ಹೇಳಿತು: ಅಂಕಪಟ್ಟಿ ಹಿಡಿದು ಭವಿಷ್ಯ ಹೇಳಬೇಡಿ, ಹೆಚ್ಚು–ಕಡಿಮೆ ಎಂಬ ವರ್ಗೀಕರಣದ ಮೇಲೆ ಯಾರಿಗೆ ಚಿಕಿತ್ಸೆ ಎಂದು ತೀರ್ಮಾನಿಸಬೇಡಿ, ಎದುರಿಗಿರುವ ವ್ಯಕ್ತಿಗೆ ಈಗ ಏನು ಬೇಕು ಎಂದು ನೋಡಿ. ಪ್ರಶ್ನಾವಳಿ ಮಾತು ಶುರುಮಾಡಲು ನೆರವಾದರೆ ಆಗಲಿ. ಆದರೆ ನಮ್ಮಲ್ಲಿ ಅದು ಮಾತು ಮುಗಿಸುವ ಕಾಗದವಾಗುತ್ತಿದೆ. ನಾಳೆ ಏನಾದರೂ ಆದರೆ ಆಡಳಿತ ಮಂಡಳಿಯ ಕೈಯಲ್ಲಿ ‘ಕಡಿಮೆ ಅಪಾಯ’ ಎಂಬ ಸಹಿ ಹಾಕಿದ ಹಾಳೆ ಇರಬೇಕು, ಅಷ್ಟೇ.

ಪರೀಕ್ಷಿಸಿದ ಮೇಲೆ ಚಿಕಿತ್ಸೆ. ಚಿಕಿತ್ಸೆ ಎಂದೊಡನೆ ನಮ್ಮ ಮನೆಗಳು ಬೇಡುವುದು ‘ಸ್ವಲ್ಪ ಬುದ್ಧಿ ಹೇಳಿ ಡಾಕ್ಟ್ರೇ’. ಬುದ್ಧಿ ಹೇಳುವವರಿಗೆ ಈ ನಾಡಿನಲ್ಲಿ ಎಂದೂ ಬರ ಬಂದಿಲ್ಲ, ಆ ಮಗುವಿಗೆ ಆಸ್ಪತ್ರೆ ಸೇರುವ ಮೊದಲೇ ಅದು ಸಾಕುಬೇಕಾಗುವಷ್ಟು ಸಿಕ್ಕಿರುತ್ತದೆ. ನಿಜಕ್ಕೂ ಕೆಲಸಕ್ಕೆ ಬಂದಿರುವುದು ಸುರಕ್ಷತಾ ಯೋಜನೆ ಎಂಬ ಒಂದು ಸರಳ ಹಾಳೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಇದನ್ನು ರೂಪಿಸಿದರು. ಮನಸ್ಸು ಕೆಡುವ ಮುನ್ನ ನನಗೆ ತಿಳಿಯುವ ಗುರುತುಗಳೇನು, ಆಗ ನಾನೊಬ್ಬನೇ ಮಾಡಬಹುದಾದ್ದೇನು, ಯಾರ ಬಳಿ ಅಥವಾ ಎಲ್ಲಿಗೆ ಹೋದರೆ ಗಮನ ಬೇರೆಡೆ ತಿರುಗುತ್ತದೆ, ಯಾರಿಗೆ ಬಾಯಿಬಿಟ್ಟು ಹೇಳಬಲ್ಲೆ, ಯಾವ ವೈದ್ಯರಿಗೆ ಯಾವ ನಂಬರಿಗೆ ಫೋನ್ ಮಾಡಬೇಕು, ಮನೆಯಲ್ಲಿ ಅಪಾಯದ ವಸ್ತು ಕೈಗೆ ಸಿಗದಂತೆ ಮಾಡುವುದು ಹೇಗೆ. ಇಷ್ಟನ್ನು ವೈದ್ಯರು ಬರೆದು ಕೊಡುವುದಲ್ಲ, ರೋಗಿಯ ಬಾಯಿಂದಲೇ ಬರಿಸಿ ಅವರ ಮಾತಿನಲ್ಲೇ ಬರೆಯುವುದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಈ ಹಾಳೆಯ ಜತೆಗೆ ಬಿಡುಗಡೆಯ ನಂತರ ಫೋನ್ ಕರೆಯನ್ನೂ ಸೇರಿಸಿದಾಗ, ಮುಂದಿನ 6 ತಿಂಗಳಲ್ಲಿ ಮರುಪ್ರಯತ್ನದಂಥ ವರ್ತನೆ ಸುಮಾರು ಶೇ 45ರಷ್ಟು ಕಡಿಮೆ ಕಂಡಿತು ಎಂದು 2018ರ ವರದಿ ಹೇಳಿತು. ಅವರು ವಯಸ್ಕರು, ದೇಶ ಬೇರೆ ಎನ್ನಬಹುದು.

ಹಾಗಾದರೆ ಪಕ್ಕದ ಚೆನ್ನೈಯನ್ನೇ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿದಂತೆ ಐದು ದೇಶಗಳ ಐದು ಕಡೆ, ಪ್ರಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರ ಮೇಲೆ ಒಂದು ಪ್ರಯೋಗ ನಡೆಸಿತು. ಅರ್ಧದಷ್ಟು ಜನಕ್ಕೆ ಎಂದಿನ ಚಿಕಿತ್ಸೆ. ಉಳಿದವರಿಗೆ ಬಿಡುಗಡೆಯ ಹೊತ್ತಿಗೆ ಒಂದು ಗಂಟೆ ಕೂತು ಮಾತು, ಆಮೇಲೆ ಒಂದೂವರೆ ವರ್ಷದಲ್ಲಿ ಒಂಬತ್ತು ಸಲ ಫೋನ್ ಮಾಡಿಯೋ ಮನೆಗೆ ಹೋಗಿಯೋ ‘ಹೇಗಿದ್ದೀರಿ’ ಎಂಬ ವಿಚಾರಣೆ. ಮೊದಲ ಕರೆ ಒಂದು ವಾರಕ್ಕೆ, ಎರಡನೆಯದು ಎರಡು ವಾರಕ್ಕೆ, ಹೀಗೆ ಅಂತರ ಹೆಚ್ಚುತ್ತ ಹೋಗುತ್ತದೆ. 2008ರಲ್ಲಿ ಫಲಿತಾಂಶ ಪ್ರಕಟವಾದಾಗ ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ 2.2, ವಿಚಾರಿಸುತ್ತಿದ್ದ ಗುಂಪಿನಲ್ಲಿ ಶೇ 0.2. ಹೊಸ ಔಷಧಿಯೊಂದು ಇಂಥ ಫಲಿತಾಂಶ ಕೊಟ್ಟಿದ್ದರೆ ಕಂಪನಿಗಳು ಮೆಡಿಕಲ್ ರೆಪ್ರೆಸೆಂಟೇಟಿವ್‌ಗಳನ್ನು ಪ್ರತಿ ಕ್ಲಿನಿಕ್ಕಿಗೂ ಅಟ್ಟುತ್ತಿದ್ದವು. ಇದು ಒಂದು ಗಂಟೆ ಮತ್ತು ಒಂಬತ್ತು ವಿಚಾರಣೆ, ಮಾರಲು ಏನೂ ಇಲ್ಲ. ಹಾಗಾಗಿ ಯಾರೂ ಹೊತ್ತು ತಿರುಗಲಿಲ್ಲ.

ಔಷಧಿ ಬೇಕಾದವರೂ ಇದ್ದಾರೆ. ಖಿನ್ನತೆ ಗಟ್ಟಿಯಾಗಿ ಹಿಡಿದ ಹದಿಹರೆಯದವರಿಗೆ ಫ್ಲುವೊಕ್ಸೆಟಿನ್‌ನಂಥ ಮಾತ್ರೆ ಸಾಮಾನ್ಯವಾಗಿ ಮೊದಲ ಆಯ್ಕೆ. ಜತೆಗೆ ಮಾತಿನ ಚಿಕಿತ್ಸೆ ಸೇರಿದರೆ ಒಳ್ಳೆಯದು. ಪದೇ ಪದೇ ತಮಗೇ ಗಾಯ ಮಾಡಿಕೊಳ್ಳುವ ಮಕ್ಕಳಿಗೆ ಮಾರ್ಷಾ ಲೈನಹನ್ ರೂಪಿಸಿದ ಡಿಬಿಟಿ ಚಿಕಿತ್ಸೆ ಫಲ ಕೊಟ್ಟಿದೆ. ಈ ಮಾತ್ರೆಗಳು ತಕ್ಷಣ ನಾಟುವುದಿಲ್ಲ, ವಾರಗಳು ಬೇಕು. ಆರಂಭದ ವಾರಗಳಲ್ಲಿ ಕೆಲವರಿಗೆ ಸಾಯುವ ಯೋಚನೆಯೇ ಹೆಚ್ಚಬಹುದೆಂದು ಅಮೆರಿಕದ ಔಷಧ ಇಲಾಖೆ 2004ರಲ್ಲಿಯೇ ಎಚ್ಚರಿಕೆ ಅಚ್ಚು ಹಾಕಿಸಿದೆ. ಹಾಗಾಗಿ ಮಾತ್ರೆ ಬೇಡವೆಂದಲ್ಲ, ಮಾತ್ರೆ ಕೊಟ್ಟವರು ಮುಂದಿನ ವಾರವೇ ಮತ್ತೆ ನೋಡಬೇಕು ಎಂದು. ಕೊಡುವುದು ಒಂದು ವಾರದ್ದಷ್ಟೇ, ಅದೂ ಮನೆಯ ಹಿರಿಯರ ಕೈಯಲ್ಲಿ ಇರಬೇಕು. ನಮ್ಮಲ್ಲಿ ನಡೆಯುವುದು ಒಂದು ತಿಂಗಳ ನಿದ್ದೆಗುಳಿಗೆ ಬರೆದು ಕಳಿಸುವುದು, ತಪ್ಪಿದರೆ ತಾಯತ ಕಟ್ಟಿಸಿ ಅಜ್ಜಿಯ ಊರಿಗೆ ಸಾಗಿಸುವುದು.

ಇದರ ಜತೆ ಇನ್ನೊಂದು ಸಂಗತಿಯನ್ನು ವೈದ್ಯರು ಒತ್ತಿ ಹೇಳುತ್ತಾರೆ. ನಮ್ಮ ಕಡೆಯ ಹದಿಹರೆಯದವರಲ್ಲಿ ಅನೇಕರು ತಿಂಗಳುಗಟ್ಟಲೆ ಖಿನ್ನತೆಯಲ್ಲಿ ಕೊರಗಿದವರಲ್ಲ. ಒಂದು ಜಗಳ, ಒಂದು ಅವಮಾನ, ಒಂದು ಫಲಿತಾಂಶ, ಕೆಲವೇ ಗಂಟೆಗಳ ಕತ್ತಲೆ. ಆ ಗಂಟೆಗಳು ಕಳೆದರೆ ಬದುಕುವ ಆಸೆ ಮರಳುತ್ತದೆ, ಬದುಕುಳಿದವರಲ್ಲಿ ಬಹುಪಾಲು ಮಂದಿ ಮುಂದೆ ಎಂದೂ ಆ ದಾರಿಯಿಂದ ಸಾಯುವುದಿಲ್ಲ. ಅದಕ್ಕೇ ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿರುವುದು ಅಷ್ಟು ಮುಖ್ಯ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದು, 1990ರ ದಶಕದ ಮಧ್ಯಭಾಗದಿಂದ ಎರಡು ದಶಕಗಳಲ್ಲಿ ಆತ್ಮಹತ್ಯೆ ಪ್ರಮಾಣವನ್ನು ಸುಮಾರು ಶೇ 70ರಷ್ಟು ಇಳಿಸಿಕೊಂಡಿತು. ಅಲ್ಲಿ ಜನರ ಕಷ್ಟ ಕಡಿಮೆಯಾಗಿರಲಿಲ್ಲ, ಯುದ್ಧವೇ ನಡೆಯುತ್ತಿತ್ತು. ನಮ್ಮ ಕೃಷಿ ಇಲಾಖೆಯೂ ಆರೋಗ್ಯ ಇಲಾಖೆಯೂ ಈ ವಿಷಯಕ್ಕೆ ಒಂದೇ ಮೇಜಿನ ಮುಂದೆ ಕೂತ ಸುದ್ದಿ ನಾವು ಕೇಳಿಲ್ಲ. ಶಿಕ್ಷಣ ಇಲಾಖೆಯ ಒಂದು ಕ್ರಮವನ್ನು ಮಾತ್ರ ಮೆಚ್ಚಲೇಬೇಕು: 2024ರಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ತಂದದ್ದು. ಫೇಲಾದ ಮಗುವಿಗೆ ವರ್ಷ ಕಾಯದೆ ಇನ್ನೊಂದು ಬಾಗಿಲು ಕಾಣಿಸುವುದು ಸಣ್ಣ ಸಂಗತಿಯಲ್ಲ. ಪರೀಕ್ಷೆಯ ಪಾವಿತ್ರ್ಯ ಹಾಳಾಯಿತೆಂದು ಗೊಣಗುವವರು ಇದನ್ನೂ ಯೋಚಿಸಲಿ.

ವೈದ್ಯರ ಬಾಯಿ ಕಟ್ಟುವ ಒಂದು ಕಾನೂನಿನ ಗಂಟಿನ ಬಗ್ಗೆ ಯಾರೂ ಬಹಿರಂಗವಾಗಿ ಮಾತಾಡುವುದಿಲ್ಲ. ಹದಿನೇಳರ ಹುಡುಗಿ ‘ಒಬ್ಬ ಹುಡುಗ ಇದ್ದ’ ಎಂದು ಬಾಯಿಬಿಟ್ಟು, ಅವರ ನಡುವೆ ದೈಹಿಕ ಸಂಬಂಧ ಇತ್ತೆಂದು ತಿಳಿದರೆ, ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅವರಿಗೇ ಶಿಕ್ಷೆ. ಮಕ್ಕಳ ಮೇಲಿನ ದೌರ್ಜನ್ಯ ಮುಚ್ಚಿಹೋಗಬಾರದೆಂದು ಮಾಡಿದ ಒಳ್ಳೆಯ ಕಾನೂನು ಇದು. ಆದರೆ ಓರಗೆಯ ಹುಡುಗನನ್ನು ಪ್ರೀತಿಸಿ ಮನೆಯವರಿಂದ ಪೆಟ್ಟು ತಿಂದು ಸಾಯಹೊರಟ ಹುಡುಗಿಗೆ ಇದರ ಅರ್ಥ ಒಂದೇ: ಹೇಳಿದರೆ ಅವನು ಜೈಲಿಗೆ. ಅವಳು ಹೇಳುವುದಿಲ್ಲ. ಕೇಳಿದರೆ ತಲೆನೋವು ಎಂದು ವೈದ್ಯರೂ ಕೇಳುವುದಿಲ್ಲ. ಮಾತು ಎಲ್ಲಿ ಶುರುವಾಗಬೇಕಿತ್ತೋ ಅಲ್ಲೇ ನಿಲ್ಲುತ್ತದೆ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವೇ 2022ರಲ್ಲಿ ಇಂಥ ಪ್ರಕರಣಗಳನ್ನು ನೋಡಿ ಸಮ್ಮತಿಯ ವಯಸ್ಸಿನ ಬಗ್ಗೆ ಮರುಚಿಂತನೆ ಮಾಡಿ ಎಂದು ಕಾನೂನು ಆಯೋಗಕ್ಕೆ ಹೇಳಿತ್ತು. ಆಯೋಗ 2023ರಲ್ಲಿ ವಯಸ್ಸು ಇಳಿಸುವುದು ಬೇಡವೆಂದು, 16ರಿಂದ 18ರ ನಡುವಿನ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲೆಂದು ಶಿಫಾರಸು ಮಾಡಿತು. ನ್ಯಾಯಾಧೀಶರ ವಿವೇಚನೆ ಬರುವುದು ಪ್ರಕರಣ ದಾಖಲಾಗಿ ಎಲ್ಲ ಆದ ಮೇಲೆ. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕೂತ ವೈದ್ಯರು ಏನು ಮಾಡಬೇಕೆಂದು ಯಾರೂ ಹೇಳಿಲ್ಲ.

ಇನ್ನು ಪೊಲೀಸರ ಭಯ. ಆತ್ಮಹತ್ಯೆ ಪ್ರಯತ್ನ ಅಪರಾಧ, ಕೇಸಾಗುತ್ತದೆ ಎಂದು ಇವತ್ತಿಗೂ ಜನ ನಂಬಿದ್ದಾರೆ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ ಎಂದಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಪ್ರಯತ್ನವನ್ನು ಅಪರಾಧವೆಂದಿದ್ದ ದಂಡ ಸಂಹಿತೆಯ ಹಳೆಯ 309ನೇ ಕಲಂ ಇಲ್ಲವೇ ಇಲ್ಲ. ಸರ್ಕಾರಿ ನೌಕರನನ್ನು ಬಲವಂತಪಡಿಸಲು ಮಾಡುವ ಪ್ರಯತ್ನಕ್ಕೆ ಮಾತ್ರ ಬೇರೆ ಕಲಂ ಇದೆ. ಆದರೆ 115ನೇ ಕಲಮಿಗೆ ಎರಡನೆಯ ಉಪಕಲಮೂ ಒಂದಿದೆ, ಅದನ್ನು ಭಾಷಣಗಳಲ್ಲಿ ಯಾರೂ ಓದುವುದಿಲ್ಲ. ಪ್ರಯತ್ನಿಸಿದ ವ್ಯಕ್ತಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಟ್ಟು, ಅದು ಮರುಕಳಿಸುವ ಅಪಾಯವನ್ನು ತಗ್ಗಿಸುವುದು ಸರ್ಕಾರದ ಕರ್ತವ್ಯ ಎಂದು ಅದು ಹೇಳುತ್ತದೆ. ದಯೆ ಎಂದಿಲ್ಲ, ಕರ್ತವ್ಯ ಎಂದಿದೆ. ಹೀಗಿರುವಾಗ ಡಿಸ್ಚಾರ್ಜ್ ಚೀಟಿ ಕೊಟ್ಟು ಕೈ ತೊಳೆದುಕೊಳ್ಳುವ ಪ್ರತಿ ಸರ್ಕಾರಿ ಆಸ್ಪತ್ರೆಯೂ ಸಂಸತ್ತಿನ ಕಾಯ್ದೆಯೊಂದನ್ನು ದಿನನಿತ್ಯ ಮೀರುತ್ತಿದೆ.

2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ ಪ್ರಕಟಿಸಿತು. 2030ರ ಹೊತ್ತಿಗೆ ಸಾವುಗಳನ್ನು ಶೇ 10ರಷ್ಟು ಇಳಿಸುವುದು ಗುರಿ, ಮೂರು ವರ್ಷದೊಳಗೆ ನಿಗಾ ವ್ಯವಸ್ಥೆ, ಐದು ವರ್ಷದೊಳಗೆ ಎಲ್ಲ ಜಿಲ್ಲೆಗಳಲ್ಲಿ ಆತ್ಮಹತ್ಯೆ ತಡೆಯ ಹೊರರೋಗಿ ಸೇವೆ ಎಂದು ಬರೆದುಕೊಂಡಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ವಿಶಾಖಪಟ್ಟಣದ ಹಾಸ್ಟೆಲಿನಲ್ಲಿ ಸತ್ತ ನೀಟ್ ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ 15 ಮಾರ್ಗಸೂಚಿ ಹೊರಡಿಸಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಆಪ್ತಸಮಾಲೋಚಕರು ಇರಲೇಬೇಕೆಂದಿತು. ಸ್ವಾಗತಿಸೋಣ. ಆದರೆ ಆಪ್ತಸಮಾಲೋಚಕರು ಗುರುತಿಸಿದ ಮಗುವನ್ನು ಕಳಿಸುವುದು ಎಲ್ಲಿಗೆ? ಅದೇ ಮಂಗಳವಾರದ ಕ್ಲಿನಿಕ್ಕಿಗೆ. ಇತಿಹಾಸದ ಉಪನ್ಯಾಸಕರಿಗೇ ಹೆಚ್ಚುವರಿ ಹೊಣೆ ಎಂದು ಬೋರ್ಡು ತಗುಲಿಸಿ ಮಾರ್ಗಸೂಚಿ ಪಾಲಿಸಿದಂತೆ ಮಾಡುವ ಜಾಣ್ಮೆಯೂ ನಮ್ಮ ಖಾಸಗಿ ಕಾಲೇಜುಗಳಿಗೆ ಗೊತ್ತು.

ಟೆಲಿ ಮನಸ್ ಇದೆ. 14416ಕ್ಕೆ ಯಾರು ಬೇಕಾದರೂ, ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಬದುಕು ಭಾರವಾಗಿದ್ದರೆ ದಯವಿಟ್ಟು ಕರೆ ಮಾಡಿ, ಜತೆಗೆ ಹತ್ತಿರದ ಒಬ್ಬರಿಗಾದರೂ ಹೇಳಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಯ ಮೇಲುಸ್ತುವಾರಿ ನಿಮ್ಹಾನ್ಸ್‌ನದು. ನಮ್ಮ ಆಗ್ರಹ ಏನೆಂದರೆ, ಈ ಫೋನು ಆ ಕಡೆಯಿಂದಲೂ ಬರಬೇಕು. ಕತ್ತಲಲ್ಲಿರುವ ಮಗುವೇ ಎದ್ದು ನಂಬರು ಒತ್ತಲಿ ಎಂದು ಕಾಯುವುದು ಬಿಟ್ಟು, ಆಸ್ಪತ್ರೆಯಿಂದ ಬಿಡುಗಡೆಯಾದ ಪ್ರತಿಯೊಬ್ಬರ ಹೆಸರೂ ಒಪ್ಪಿಗೆ ಪಡೆದು ಅಲ್ಲಿಗೆ ಹೋಗಲಿ, ಮೊದಲ ವಾರದಲ್ಲೇ ಅಲ್ಲಿಂದ ಕರೆ ಬರಲಿ. ಚೆನ್ನೈಯಲ್ಲಿ ನಡೆದ ಆ ಒಂಬತ್ತು ವಿಚಾರಣೆಗೆ ಬೇಕಾದ ಜನ, ಫೋನು, ಕಂಪ್ಯೂಟರು, ಕನ್ನಡ ಎಲ್ಲವೂ ಈಗಾಗಲೇ ಬೆಂಗಳೂರಿನಲ್ಲೇ ಇದೆ. ಕ್ಯಾಷುವಾಲ್ಟಿಯ ಸಿಸ್ಟರುಗಳಿಗೆ ಸುರಕ್ಷತಾ ಹಾಳೆ ಬರೆಸುವುದನ್ನು ಕಲಿಸಲು ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಯೂ ಬೇಡ. ಬಹುಶಃ ಅದೇ ತೊಂದರೆ.

ಬರುವ ಅಧಿವೇಶನದಲ್ಲಿ ಯಾವ ಪಕ್ಷದ ಶಾಸಕರಾದರೂ ಸರಿ, ಆರೋಗ್ಯ ಸಚಿವರಿಗೆ ಚುಕ್ಕೆ ಗುರುತಿನ ಒಂದು ಪ್ರಶ್ನೆ ಹಾಕಲಿ. ಕಳೆದ ಹಣಕಾಸು ವರ್ಷದಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸಿ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಿಗೆ ಬಂದ 25 ವರ್ಷದೊಳಗಿನವರು ಎಷ್ಟು? ಅವರಲ್ಲಿ ಬಿಡುಗಡೆಗೆ ಮುನ್ನ ತರಬೇತಿ ಪಡೆದ ಒಬ್ಬರ ಜತೆಯಾದರೂ ಒಂಟಿಯಾಗಿ ಮಾತಾಡಿದವರೆಷ್ಟು? ಒಂದು ವಾರದೊಳಗೆ ಯಾರಾದರೂ ಫೋನ್ ಮಾಡಿ ವಿಚಾರಿಸಿದ್ದು ಎಷ್ಟು ಮಂದಿಯನ್ನು? ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರ ಬಂದರೆ ಅದನ್ನು ಸಚಿವರ ಹೆಸರಿನೊಂದಿಗೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ, ಮಾಹಿತಿ ಬರುವವರೆಗೂ ಪ್ರತಿ ಅಧಿವೇಶನದಲ್ಲಿ.